ನಮ್ಮೂರಿನ ಸಾಲಿನಲ್ಲಿ ಒಂದು

ಮಾರ್ಚ್ 30

ಅಜ್ಜಿಗೆ, ಇದನ್ನ ಅವಳ ಕಿವಿ ಹತ್ತಿರ ಗಟ್ಟಿಯಾಗಿ ಓದಿ ಹೇಳ್ತಿರೋ ಅಣ್ಣನಿಗೂ,

ಫೋನಿನಲ್ಲಿ ಅಂದರೆ ನಿನಗೆ ಕೇಳಿಸಲ್ಲ, ಅದಕ್ಕೇ ಕಾಗದ. ಬಸ್ಸಿಲ್ಲ, ರೈಲಿಲ್ಲ. ಹತ್ತಿರದೂರಿನವರು ಸಿಕ್ಕ ಗಾಡಿ ಹತ್ತಿ ಹೊರಟುಹೋದರು, ದೂರದವರು ಉಳಿದುಕೊಂಡ್ವಿ. ಮುನ್ನೂರ ನಲವತ್ತು ಹುಡುಗಿಯರಿದ್ದ ಹಾಸ್ಟೆಲಿನಲ್ಲಿ ಈಗ ಹದಿನಾಲ್ಕು ಜನ. ಸೋಂಕು ಹರಡಬಾರದು ಅಂತ ಒಬ್ಬೊಬ್ಬರನ್ನ ಒಂದೊಂದು ಮೂಲೆಗೆ ಹಾಕಿದ್ದಾರೆ. ಮೂರನೇ ಮಹಡಿಯ ಈ ಪಡಸಾಲೆಯಲ್ಲಿ ನಾನೊಬ್ಬಳೇ. ಊಟದ ತಟ್ಟೆಯನ್ನ ಬಾಗಿಲಾಚೆ ಸ್ಟೂಲಿನ ಮೇಲಿಟ್ಟು, ಎರಡು ಸಲ ತಟ್ಟಿ, ನಾನು ತೆಗೆಯೋದರೊಳಗೆ ಹೋಗಿಬಿಟ್ಟಿರ್ತಾರೆ. ಇಟ್ಟವರ ಮುಖ ನೋಡಿ ಎಂಟು ದಿನ ಆಯ್ತು.

ಒಂದು ವಿಚಿತ್ರ ಹೇಳ್ತೀನಿ. ಒಂದು ವಾರಕ್ಕೆ ಅಂತ ಹೋದವರು ಅಲಾರಂ ಗಡಿಯಾರ ಇಲ್ಲೇ ಬಿಟ್ಟು ಹೋಗಿದ್ದಾರೆ. ಬೆಳಗ್ಗೆ ಆರಾದರೆ ಬೀಗ ಹಾಕಿದ ಕೋಣೆಗಳೊಳಗೆ ಒಂದಾದ ಮೇಲೊಂದು ಹೊಡ್ಕೊಳ್ಳೋಕೆ ಶುರು. ನಿಲ್ಲಿಸೋ ಕೈಯಿಲ್ಲ. ತಾವಾಗೇ ಸುಸ್ತಾಗಿ ನಿಲ್ಲಬೇಕು.

ನೀನೇನೂ ಹೆದರಬೇಡ ಅಜ್ಜಿ. ಕ್ಲಾಸು ಕಂಪ್ಯೂಟರಿನಲ್ಲಿ ನಡೀತಿದೆ.

ನಿನ್ನ
ಇರುವೆ


ಏಪ್ರಿಲ್ 12

ಲೇ ಇರುವೆ,

ಹೆದರಬೇಡ ಅಂತ ನನಗೆ ಹೇಳ್ತೀಯಾ? ಯೂನಿಫಾರ್ಮ್ ಫ್ಯಾಕ್ಟರಿಯಲ್ಲಿ ಮೂವತ್ತೊಂದು ವರ್ಷ ಹೊಲಿಗೆ ಮಿಷನ್ ತುಳಿದು ಕಿವಿ ಕಳ್ಕೊಂಡವಳು ನಾನು, ಧೈರ್ಯ ಕಳ್ಕೊಂಡಿಲ್ಲ. ಕಾಗದದಲ್ಲಿ ಗಡಿಯಾರದ ಕಥೆ ಬರೆದಿದ್ದೀಯ, ಹೊಟ್ಟೆಗೇನು ತಿಂದೆ ಅಂತ ಒಂದಕ್ಷರ ಇಲ್ಲ. ತಟ್ಟೆ ಇಟ್ಟವರ ಮುಖ ಕಾಣದಿದ್ದರೆ ಕೂಗಿ ಕರಿ. ನಿನಗೆ ಬಾಯಿಲ್ವಾ? ಹೆತ್ತವರಿಲ್ಲದ ಮಕ್ಕಳು ಅಂತ ನಿಮ್ಮಿಬ್ಬರನ್ನ ಮುದ್ದು ಮಾಡಿ ನಾನೇ ಕೆಡಿಸಿದೆ.

ಬೀಸೋ ದೊಣ್ಣೆ ತಪ್ಪಿಸ್ಕೊಂಡರೆ ಸಾವಿರ ವರ್ಷ ಆಯಸ್ಸು. ಒಳಗಿರು. ತಲೆಗೆ ಎಣ್ಣೆ ಹಾಕು. ದಡ್ಡಿ.

ಅಜ್ಜಿ

(ತಂಗೀ, ಅವಳು ಹೇಳಿದ ಇನ್ನೂ ನಾಲ್ಕು ಬೈಗುಳ ಬಿಟ್ಟು ಬರೆದಿದ್ದೀನಿ. ಅಂಗಡಿ ಮುಚ್ಚಿರೋದರಿಂದ ಬೋರ್ಡು ಬರೆಸೋರಿಲ್ಲ. ಪುರಸಭೆಯವರು ರಸ್ತೆ ಮೇಲೆ ಜನ ನಿಲ್ಲೋಕೆ ಬಿಳಿ ವೃತ್ತ ಬರೆಯೋ ಕೆಲಸ ಕೊಟ್ಟಿದ್ದಾರೆ. ಊರೆಲ್ಲ ಸೊನ್ನೆ ಸುತ್ತುತ್ತಿದ್ದೀನಿ. – ಅಣ್ಣ)


ಮೇ 10

ಅಜ್ಜಿ,

ಬೈದದ್ದು ಓದಿ ಎರಡು ದಿನ ಚೆನ್ನಾಗಿ ಊಟ ಸೇರಿತು.

ನಮ್ಮ ಸ್ಟ್ಯಾಟಿಸ್ಟಿಕ್ಸ್ ಮೇಡಂ ಎಲ್ಲರಿಗೂ ಒಂದು ಕೆಲಸ ಕೊಟ್ಟಿದ್ದಾರೆ. ದಿನಾ ಸಂಜೆ ಸರ್ಕಾರ ಬಿಡೋ ಪಟ್ಟಿ ನೋಡಿ, ಯಾವ ಊರಿನಲ್ಲಿ ಎಷ್ಟು ಜನಕ್ಕೆ ಕಾಯಿಲೆ, ಎಷ್ಟು ಜನ ಹೋದರು ಅಂತ ತುಂಬಿಸಿ ಗೆರೆ ಎಳೆಯಬೇಕು. ಪರೀಕ್ಷೆಗೆ ಇದೂ ಲೆಕ್ಕ. ನಾನು ನಮ್ಮೂರು ಸೇರಿ ಆರು ಊರು ಆರಿಸ್ಕೊಂಡೆ. ನಮ್ಮೂರಿನ ಸಾಲಿನಲ್ಲಿ ಬರೀ ಸೊನ್ನೆ. ಅಣ್ಣ ರಸ್ತೆ ಮೇಲೆ ಬರೆದ ಸೊನ್ನೆಗಳೇ ಇಲ್ಲಿ ಬಂದು ಕೂತಿವೆ ಅನ್ನಿಸುತ್ತೆ.

ಅಲಾರಂಗಳು ಕಡಿಮೆ ಆಗ್ತಿವೆ. ಬ್ಯಾಟರಿ ಮುಗಿಯೋ ಮುಂಚೆ ದನಿ ಎಳೆದೆಳೆದು ಬರುತ್ತೆ, ಜ್ವರ ಬಂದವರು ಕರೆದ ಹಾಗೆ. ಈಗ ಎದುರಿನ ಕೋಣೆಯದೊಂದೇ ಉಳಿದಿದೆ. ಅದೂ ಯಾವತ್ತು ನಿಲ್ಲುತ್ತೋ ಅಂತ ಬೆಳಗ್ಗೆ ಐದೂಮುಕ್ಕಾಲಿಗೇ ಎದ್ದು ಕೂತಿರ್ತೀನಿ.

ಇರುವೆ


ಜೂನ್ 7

ನನ್ನ ಮುದ್ದು ಇರುವೆಗೆ,

ಕಾಗದ ತಡ ಆಯ್ತು, ಬೇಜಾರು ಮಾಡ್ಕೋಬೇಡ. ನಾನು ಆರೋಗ್ಯವಾಗಿದ್ದೀನಿ. ನಿನಗೆ ಹೇಗೆ ತೋಚುತ್ತೋ ಹಾಗೆ ಮಾಡು. ನೀನು ಜಾಣೆ, ಎಲ್ಲ ಸರಿಯಾಗೇ ಮಾಡ್ತೀಯ. ಚೆನ್ನಾಗಿ ಓದಿ ಪರೀಕ್ಷೆ ಬರೆದುಬಿಡು. ಆಮೇಲೆ ಎಲ್ಲ ಕೂತು ಮಾತಾಡೋಣ.

ನಿನ್ನ ಪ್ರೀತಿಯ
ಅಜ್ಜಿ

(ನನ್ನ ಫೋನಿನ ಸ್ಪೀಕರ್ ಹಾಳಾಗಿದೆ, ಅದಕ್ಕೇ ಎತ್ತೋಕಾಗ್ತಿಲ್ಲ. ರಿಪೇರಿ ಅಂಗಡಿ ತೆಗೆದ ಕೂಡಲೇ ಮಾಡ್ತೀನಿ. – ಅಣ್ಣ)


ಜೂನ್ 21

ಅಜ್ಜಿ,

ನಿನಗೇನಾಗಿದೆ? ಹುಟ್ಟಿದಾಗಿನಿಂದ ನನ್ನನ್ನ ಜಾಣೆ ಅಂದವಳಲ್ಲ ನೀನು. ಅಣ್ಣ ಬೈಗುಳವೆಲ್ಲ ಬಿಟ್ಟು ಬರೀತಿದ್ದಾನಾ? ಬಿಡಬೇಡ ಅನ್ನು, ನನಗೆ ಅವೇ ಬೇಕು.

ಮೇ 26ನೇ ತಾರೀಖು ನಮ್ಮೂರಿನ ಸಾಲಿನಲ್ಲಿ ಮೊದಲ ಸಲ ಒಂದು ಬಂತು, ಹೋದವರ ಪಟ್ಟಿಯಲ್ಲಿ. ನಾನೇ ಟೈಪ್ ಮಾಡಿದೆ. ಅಷ್ಟು ಸೊನ್ನೆಗಳ ಮಧ್ಯೆ ಅದೊಂದು ನೆಟ್ಟಗೆ ನಿಂತಿದೆ. ಯಾರದು ಅಜ್ಜಿ? ನಮಗೆ ಗೊತ್ತಿರೋರಾ? ಉಳಿದ ಊರುಗಳಲ್ಲಿ ಇಪ್ಪತ್ತು, ಮೂವತ್ತು ಬಂದರೂ ಏನೂ ಅನ್ನಿಸದ ನನಗೆ ಆ ಒಂದನ್ನ ನೋಡಿದರೆ ಕೈ ತಣ್ಣಗಾಗುತ್ತೆ. ಕ್ಲಾಸ್ ನಡೀತಿರುವಾಗಲೂ ಅದನ್ನೇ ತೆಗೆದು ನೋಡ್ತೀನಿ. ಅದೂ ನನ್ನನ್ನ ನೋಡುತ್ತೆ.

ಒಂದು ಕೇಳ್ತೀನಿ, ಹೇಳು. ನಾನು ಮೊದಲ ಸಲ ಹಾಸ್ಟೆಲಿಗೆ ಹೊರಟಾಗ ಬಸ್ಸಿನ ಬಾಗಿಲಲ್ಲಿ ನನ್ನ ಕಿವಿಯಲ್ಲಿ ನೀನು ಏನು ಹೇಳಿದೆ? ಸುಮ್ಮನೆ ಕೇಳ್ತಿದ್ದೀನಿ. ಹೇಳು.

ಇರುವೆ


ಜುಲೈ 5

ಮುದ್ದು ಇರುವೆ,

ಆ ಹೋದವರು ಯಾರೋ ಹೊರಗಿನವರಂತೆ, ನಮಗೆ ಗೊತ್ತಿಲ್ಲ. ಅದನ್ನೆಲ್ಲ ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಬಸ್ಸಿನ ಬಾಗಿಲಲ್ಲಿ ಇನ್ನೇನು ಹೇಳಿರ್ತೀನಿ? ಚೆನ್ನಾಗಿ ಓದಿ ಒಳ್ಳೆ ಹೆಸರು ತಗೋ ಅಂದೆ. ನೆನಪಿಲ್ವಾ?

ಬಾಗಿಲಿಗೆ ಚಿಲಕ ಹಾಕ್ಕೊಂಡು ಕೂರಬೇಡ. ಯಾರು ಕರೆದರೂ ಓ ಅನ್ನು.

ಅಜ್ಜಿ


ಜುಲೈ 16

ಅಣ್ಣ,

ಇದನ್ನ ನಿನಗೊಬ್ಬನಿಗೇ ಬರೀತಿದ್ದೀನಿ. ಅಜ್ಜಿಗೆ ಓದಿ ಹೇಳಬೇಡ.

ನನಗೆ ತಲೆ ಸರಿ ಇಲ್ಲ ಅನ್ನಿಸ್ತಿದೆ. ಅಜ್ಜಿ ಆವತ್ತು ಬಸ್ಸಿನ ಬಾಗಿಲಲ್ಲಿ ನನ್ನ ಕೈಗೊಂದು ಪಿನ್ನು ಕೊಟ್ಟು, "ಪಕ್ಕದವನು ಕಾಲು ಚಾಚಿದರೆ ಚುಚ್ಚು, ಆಮೇಲೆ ಅಯ್ಯೋ ನೋಡಲಿಲ್ಲ ಅನ್ನು" ಅಂದಿದ್ದಳು. ನಾನು ನಗುತ್ತಾ ಹತ್ತಿದ್ದೆ. ಇದು ನನಗೆ ನಿನ್ನೆ ಆದ ಹಾಗೆ ನೆನಪಿದೆ. ಆದರೆ ಅಜ್ಜಿ ತಾನು ಹಾಗೆ ಹೇಳಲೇ ಇಲ್ಲ ಅಂತಾಳೆ. ಹಾಗಾದರೆ ನನ್ನ ತಲೆಯಲ್ಲಿರೋದರಲ್ಲಿ ಯಾವುದು ನಡೆದದ್ದು, ಯಾವುದು ನಾನೇ ಕಟ್ಟಿಕೊಂಡದ್ದು?

ಎದುರಿನ ಕೋಣೆಯ ಅಲಾರಂ ನಿಂತು ಹದಿನೈದು ದಿನ ಆಯ್ತು. ಆದರೂ ಬೆಳಗ್ಗೆ ಆರಕ್ಕೆ ಕೇಳುತ್ತೆ. ಮಧ್ಯಾಹ್ನ ಪಡಸಾಲೆಯಲ್ಲಿ ಅಜ್ಜಿ ಕೆಮ್ಮಿದ ಹಾಗಾಗುತ್ತೆ, ಆ ಎರಡು ಚಿಕ್ಕದು ಒಂದು ಉದ್ದದ ಕೆಮ್ಮು. ಬಾಗಿಲು ತೆಗೆದರೆ ಬಿಸಿಲು ನೆಲದ ಮೇಲೆ ಚೌಕ ಚೌಕ ಬಿದ್ದಿರುತ್ತೆ, ಅಷ್ಟೇ. ಅದಕ್ಕೇ ತೆಗೆಯೋದು ಬಿಟ್ಟೆ. ಕ್ಲಾಸಿನಲ್ಲಿ ನನ್ನ ಮುಖ ಪುಟ್ಟ ಚೌಕದಲ್ಲಿ ಬರುತ್ತಲ್ಲ, ಅದು ನನಗಿಂತ ಒಂದು ಗಳಿಗೆ ತಡವಾಗಿ ಕಣ್ಣು ಮಿಟುಕಿಸುತ್ತೆ. ಅದನ್ನ ನೋಡೋಕಾಗದೆ ಕ್ಲಾಸೂ ಬಿಟ್ಟೆ.

ಊಟ ಸೇರ್ತಿರಲಿಲ್ಲ. ತಟ್ಟೆ ಹಾಗೇ ವಾಪಸ್ ಹೋಗ್ತಿತ್ತು. ಸೋಮವಾರದಿಂದ ತಟ್ಟೆ ಬರ್ತಿಲ್ಲ. ನಿನ್ನೆ ಕಿಟಕಿಯಿಂದ ಕೇಳಿಸ್ತು, ಕೆಳಗೆ ಅಂಗಳದಲ್ಲಿ ಅಡುಗೆಯವನು ತಟ್ಟೆ ಎಣಿಸ್ತಿದ್ದ. "ಹನ್ನೊಂದು, ಹನ್ನೆರಡು, ಹದಿಮೂರು. ಆಯ್ತು." ಕಾವಲುಗಾರ, "ಮೂರನೇ ಮಹಡಿ?" ಅಂದ. "ಅಲ್ಲಿ ಖಾಲಿ. ಹೋದಳು ಅನ್ಸುತ್ತೆ" ಅಂದ ಇವನು.

ನಾನಿದ್ದೀನಿ ಅಂತ ಕೂಗಬಹುದಿತ್ತು. ಕೂಗಲಿಲ್ಲ ಅಣ್ಣ. ಅವನು ಹೇಳಿದ್ದೇ ಸರಿಯಿರಬಹುದು ಅನ್ನಿಸ್ತು.

ಈ ಕಾಗದವನ್ನ ಬಾಗಿಲ ಸಂದಿಯಿಂದ ಹೊರಗೆ ತಳ್ತೀನಿ. ಗುಡಿಸೋರ ಕಣ್ಣಿಗೆ ಬಿದ್ದು ಅಂಚೆಗೆ ಹೋದರೆ ಹೋಗಲಿ.

(ಸಹಿ ಇಲ್ಲ)


ಜುಲೈ 20

ತಂಗೀ,

ನಿನ್ನ ಕಾಗದ ಇವತ್ತು ಬೆಳಗ್ಗೆ ಹತ್ತೂಕಾಲಿಗೆ ಬಂತು. ನಿಂತ ಕಾಲಲ್ಲೇ ನಿಮ್ಮ ವಾರ್ಡನ್ ಮೇಡಂಗೆ ಫೋನ್ ಮಾಡಿದೆ. ಹೌದು, ಫೋನು ಸರಿಯಾಗೇ ಇದೆ. ಯಾವತ್ತೂ ಹಾಳಾಗಿರಲಿಲ್ಲ. ಅವರು ಬೀಗದಕೈ ಹಿಡ್ಕೊಂಡು ಮೆಟ್ಟಿಲು ಹತ್ತೋದು, ಏದುಸಿರು ಬಿಡೋದು, ನಿನ್ನ ಬಾಗಿಲ ಮುಂದೆ ನಿಂತು ನಿನ್ನನ್ನ ಕರೆಯೋದು ಎಲ್ಲ ಈ ಕಿವಿಯಲ್ಲೇ ಕೇಳಿದೆ. ಒಂದು ಸಲ. ಎರಡು ಸಲ. ಮೂರನೇ ಸಲಕ್ಕೆ ನೀನು "ಓ" ಅಂದೆ.

ನಿನ್ನ ತಲೆ ಸರಿಯಾಗೇ ಇದೆ. ಸರಿ ಇಲ್ಲದ್ದು ನಾನು. ಕೇಳು.

ಅಜ್ಜಿ ಹೋಗಿಬಿಟ್ಟಳು. ಮೇ 26. ಆ ಒಂದು ಅವಳೇ.

19ಕ್ಕೆ ಜ್ವರ ಬಂತು. 21ಕ್ಕೆ ಉಸಿರು ಸಿಕ್ಕಲಿಲ್ಲ, ಆಂಬುಲೆನ್ಸ್ ಬಂತು. ನನ್ನನ್ನ ಹತ್ತಿಸಿಕೊಳ್ಳಲಿಲ್ಲ. ಹತ್ತುವಾಗ ಅವಳು, "ಇರುವೆಗೆ ಈಗಲೇ ಬರೀಬೇಡ, ಪರೀಕ್ಷೆ ಇದೆ" ಅಂದಳು. ಕಾಯಿಲೆ ಬಗ್ಗೆ ಬರೀಬೇಡ ಅಂದದ್ದು ಅವಳು. ಸಾವನ್ನ ಮುಚ್ಚಿಟ್ಟದ್ದು ಪೂರ್ತಿ ನಾನೇ. ಪರೀಕ್ಷೆ ಮುಗಿಯಲಿ ಅಂದ್ಕೊಂಡೆ. ಪರೀಕ್ಷೆ ಮುಂದಕ್ಕೆ ಹೋಯ್ತು, ಸುಳ್ಳೂ ಮುಂದಕ್ಕೆ ಹೋಯ್ತು. ನೀನು ಅಲ್ಲಿ ಒಬ್ಬಳೇ, ಬರೋಕೆ ದಾರಿಯಿಲ್ಲ, ಹೇಳಿ ಏನು ಮಾಡಲಿ ಅಂತ. ನಿನ್ನ ದನಿ ಕೇಳಿದರೆ ಬಾಯಿಬಿಡ್ತೀನಿ ಅಂತ ಫೋನ್ ಎತ್ತಲಿಲ್ಲ.

ಭಾನುವಾರ ಭಾನುವಾರ ಅವಳು ಕೂರೋ ಕುರ್ಚಿ ಎದುರು ಹಾಕ್ಕೊಂಡು ಬರೀತಿದ್ದೆ. ಬೈಯೋದು ಮಾತ್ರ ಬರ್ತಿರಲಿಲ್ಲ. ಇನ್ನೊಂದು ಹೇಳಬೇಕು, ನಂಬಿದರೆ ನಂಬು. ಜುಲೈ 5ರ ಕಾಗದ ಮಡಿಸೋ ಮುಂಚೆ ಒಂದು ಸಲ ಓದಿದೆ. ಕೊನೆಯ ಎರಡು ಸಾಲು, ಚಿಲಕ ಹಾಕಬೇಡ, ಕರೆದರೆ ಓ ಅನ್ನು ಅನ್ನೋದು, ನಾನು ಬರೆದ ನೆನಪೇ ಇಲ್ಲ. ಅಕ್ಷರ ನನ್ನದೇ. ಆದರೆ ಅದನ್ನ ಯೋಚಿಸಿ ಬರೆದದ್ದು ನೆನಪಿಲ್ಲ.

ಕ್ಷಮಿಸು ಅಂತ ಕೇಳೋ ಮುಖ ನನಗಿಲ್ಲ.

ಅಣ್ಣ


ಆಗಸ್ಟ್ 2

ತಂಗೀ,

ವಾರ್ಡನ್ ಮೇಡಂ ದಿನಾ ಮೆಸೇಜ್ ಮಾಡ್ತಾರೆ. ಗಂಜಿ ಕುಡಿದೆಯಂತೆ. ವಿಶ್ವವಿದ್ಯಾಲಯದ ಡಾಕ್ಟರಮ್ಮ ಬಂದು ನೋಡ್ತಿದ್ದಾರಂತೆ. ನನ್ನ ಹತ್ತಿರ ಮಾತಾಡಲ್ಲ ಅಂದೆಯಂತೆ. ಸರಿ.

ಅಣ್ಣ


ಆಗಸ್ಟ್ 28

ಅಣ್ಣ,

ನಾನು ಎರಡು ತಿಂಗಳು ನನ್ನ ಕಣ್ಣನ್ನ ನಂಬಲಿಲ್ಲ, ಕಿವಿಯನ್ನ ನಂಬಲಿಲ್ಲ, ನೆನಪನ್ನ ನಂಬಲಿಲ್ಲ. ಯಾಕೆ ಗೊತ್ತಾ? ನಿನ್ನನ್ನ ನಂಬಿದ್ದೆ.

ಆ ಒಂದನ್ನ ನೋಡಿದಾಗಲೇ ನನ್ನ ಕೈ ತಣ್ಣಗಾಗಿತ್ತು. ಕೈಗೆ ಗೊತ್ತಿತ್ತು. ನೀನು ಅದಕ್ಕೆ ಸುಳ್ಳು ಹೇಳಿದೆ. ಅವಳನ್ನ ನಾನೇ ನನ್ನ ಬೆರಳಿಂದ ಪಟ್ಟಿಗೆ ಸೇರಿಸಿ, ಗೆರೆ ಎಳೆದು, ಮೇಡಂ ಹತ್ತಿರ "ಗುಡ್" ಅನ್ನಿಸಿಕೊಂಡೆ. ಇದನ್ನ ಯಾರ ಹತ್ತಿರ ಹೇಳ್ಕೊಳ್ಳಲಿ?

ಆವತ್ತು ವಾರ್ಡನ್ ಮೇಡಂ ಬೈಯಲಿಲ್ಲ. ಬಾಗಿಲು ತೆಗೆದು, ಮಾಸ್ಕ್ ಹಾಕ್ಕೊಂಡೇ ಪಡಸಾಲೆಯ ನೆಲದ ಮೇಲೆ ಆರಡಿ ದೂರ ಕೂತರು. ಮಂಡಿ ನೋವಿನ ಹೆಂಗಸು. "ನೀನು ನೀರು ಕುಡಿಯೋವರೆಗೂ ಏಳಲ್ಲ, ಎಬ್ಬಿಸೋಕೆ ಇಬ್ಬರು ಬೇಕಾಗುತ್ತೆ, ಇಲ್ಲಿ ಇರೋಳು ನೀನೊಬ್ಬಳೇ" ಅಂದರು. ನಗು ಬಂದುಬಿಡ್ತು. ಆಮೇಲೆ ಕುಡಿದೆ.

ಡಾಕ್ಟರಮ್ಮ ಹೇಳಿದ್ದು: ನಾಲ್ಕು ತಿಂಗಳು ಯಾರ ಮುಖವನ್ನೂ ಕಾಣದೆ, ಹಸಿದು, ನಿದ್ದೆಗೆಟ್ಟವರಿಗೆ ಇಲ್ಲದ್ದು ಕೇಳಿಸುತ್ತಂತೆ. ಇದು ನನಗೊಬ್ಬಳಿಗೇ ಅಲ್ಲವಂತೆ. ಉಳಿದ ಹದಿಮೂರು ಜನರಲ್ಲಿ ಐದು ಜನ ಅವರ ಹತ್ತಿರ ಹೋಗ್ತಿದ್ದಾರೆ. ಒಬ್ಬಳು ಹಗಲೆಲ್ಲ ಬೀರುವಿನೊಳಗೆ ಕೂತಿರ್ತಿದ್ದಳಂತೆ. ನಮಗೆ ಒಬ್ಬರಿಗೊಬ್ಬರ ವಿಷಯ ಗೊತ್ತೇ ಇರಲಿಲ್ಲ. ಈಗ ಸಂಜೆ ಎಲ್ಲರೂ ಅಂಗಳದಲ್ಲಿ ದೂರ ದೂರ ನಿಂತು ಕೂಗಾಡಿ ಮಾತಾಡ್ತೀವಿ.

ಮಾತ್ರೆ ತಗೊಳ್ತಿದ್ದೀನಿ. ಈ ಸಲ ಪರೀಕ್ಷೆ ಬರೆಯೋಲ್ಲ. ನಿನ್ನ ಮೇಲಿನ ಸಿಟ್ಟು ಹೋಗಿಲ್ಲ.

ನನಗೆ ಎಲ್ಲ ಬೇಕು. ಯಾವ ಮಂಚ, ಎಷ್ಟು ಗಂಟೆಗೆ, ಯಾರಿದ್ದರು, ನೀನು ಏನು ನೋಡಿದೆ. ಒಂದನ್ನೂ ಮೆತ್ತಗೆ ಮಾಡಿ ಬರೀಬೇಡ.

ತಂಗಿ


ಅಕ್ಟೋಬರ್ 11

ತಂಗೀ,

ಆರು ವಾರ ತಡ ಮಾಡಿದ್ದಕ್ಕೆ ಕಾರಣ ಇದೆ. ನೀನು ಕೇಳಿದ ಯಾವುದಕ್ಕೂ ನನ್ನ ಹತ್ತಿರ ಉತ್ತರ ಇಲ್ಲ.

ಮಂಚ ಗೊತ್ತಿಲ್ಲ. ಗಂಟೆ ಗೊತ್ತಿಲ್ಲ. ಆಸ್ಪತ್ರೆಯ ಗೇಟಿನ ಹೊರಗೆ ಐದು ದಿನ ನಿಂತಿದ್ದೆ. ನಾನೇ ಬರೆದ ಬಿಳಿ ವೃತ್ತದೊಳಗೆ. 26ಕ್ಕೆ ಸಂಜೆ ಒಬ್ಬರು ಬಂದು ಅವಳ ಹೆಸರು ಕೂಗಿದರು. ಅಲ್ಲಿಂದ ಮೂವತ್ತು ಹೆಜ್ಜೆ ದೂರದಲ್ಲಿ ಬಿಳಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಉದ್ದನೆಯದನ್ನ ಗಾಡಿಗೆ ಹತ್ತಿಸಿದರು. "ಅದು ನಿಮ್ಮವರು" ಅಂದರು. ಮುಖ ತೋರಿಸಿ ಅಂದೆ. ಆಗಲ್ಲ ಅಂದರು. ಸಹಿ ಮಾಡಿದೆ. ಗಾಡಿ ಹೋಯ್ತು.

ಅದು ಅವಳೇ ಅಂತ ನನಗೆ ಗೊತ್ತಿಲ್ಲ ತಂಗಿ. ಅವರು ಅಂದರು, ನಾನು ಹೂಂ ಅಂದೆ. ನನಗೆ ಅವಳಿಗಿಂತ ಉದ್ದ ಕಂಡಿತು. ಮನೆಗೆ ಬಂದರೆ ಅವಳ ಚಪ್ಪಲಿ ಬಾಗಿಲಲ್ಲೇ ಇದೆ, ಕನ್ನಡಕ ಮಿಷನ್ ಮೇಲಿದೆ. ನೋಡದೇ ಇರೋ ಸಾವನ್ನ ಹೇಗೆ ಬರೆಯಲಿ? ಅವಳ ಹೆಸರಲ್ಲಿ ಕಾಗದ ಬರೆಯೋದು ನನಗೆ ಸುಳ್ಳು ಅನ್ನಿಸ್ತಿರಲಿಲ್ಲ. ಅದೇ ನಿಜ ಅನ್ನಿಸ್ತಿತ್ತು. ಈಗಲೂ ಎರಡು ಲೋಟ ಚಹಾ ಮಾಡ್ತೀನಿ. ಒಂದು ಆರಿಹೋಗುತ್ತೆ. ಬೀದಿಯಲ್ಲಿ ಬಿಳಿ ಕೂದಲ ಮುದುಕಿ ಕಂಡರೆ ಹಿಂದೆ ಹೋಗಿ ಮುಖ ನೋಡಿ ಬರ್ತೀನಿ. ಮೊನ್ನೆ ಒಬ್ಬಾಕೆ ಹೆದರಿ ಕಿರುಚಿಕೊಂಡಳು.

ಮೆತ್ತಗೆ ಮಾಡದೆ ಬರೆದಿದ್ದೀನಿ.

ಅಣ್ಣ


ನವೆಂಬರ್ 3

ಅಣ್ಣ,

ನಿನ್ನ ಕಾಗದವನ್ನ ಡಾಕ್ಟರಮ್ಮನಿಗೆ ಓದಿ ಹೇಳಿದೆ. ಕೇಳದೆ ಓದಿದ್ದಕ್ಕೆ ಬೈಕೋ. ಅವರು, "ನಿಮ್ಮಣ್ಣನ ಬಾಗಿಲು ಯಾರು ತಟ್ಟಿದರು?" ಅಂದರು. ನಾನಿಲ್ಲಿ ಹದಿನಾಲ್ಕರಲ್ಲಿ ಒಬ್ಬಳು. ನೀನಲ್ಲಿ ಪೂರ್ತಿ ಒಬ್ಬನೇ. ಅದು ನನಗೆ ಹೊಳೆದೇ ಇರಲಿಲ್ಲ.

ಬಸ್ಸು ಶುರುವಾಗಿದೆ. ಸೋಮವಾರ ಬರ್ತೀನಿ. ಆಸ್ಪತ್ರೆಗೆ ಹೋಗಿ ದಾಖಲೆ ತೋರಿಸಿ ಅಂತ ಕೇಳೋಣ. ಅಲ್ಲಿವರೆಗೆ ಒಬ್ಬನೇ ಹೋಗಬೇಡ. ಯಾವ ಮುದುಕಿ ಹಿಂದೆಯೂ ಹೋಗಬೇಡ, ಏಟು ತಿಂತೀಯ.

ತಂಗಿ


ಜನವರಿ 19

ತಂಗೀ,

ನೀನು ಹೋದಮೇಲೆ ಮನೆ ದೊಡ್ಡದಾಗಿದೆ. ಗುರುವಾರ ಗುರುವಾರ ಡಾಕ್ಟರ ಹತ್ತಿರ ಹೋಗ್ತಿದ್ದೀನಿ, ತಪ್ಪಿಸಿಲ್ಲ.

ಆಸ್ಪತ್ರೆಯಲ್ಲಿ ನಮಗೆ ಸಿಕ್ಕಿದ್ದು ಒಂದು ಸಾಲು ತಾನೇ: ಹನ್ನೊಂದನೇ ಮಂಚ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಆ ವಾರ್ಡಿನ ಆಯಾ ರಜೆ ಮೇಲಿದ್ದಾಳೆ ಅಂದಿದ್ದರಲ್ಲ. ಇವತ್ತು ಅದೇ ಆಸ್ಪತ್ರೆಯಲ್ಲಿ ಲಸಿಕೆಯ ಕೋಣೆಗೆ ಬೋರ್ಡು ಬರೆಯೋ ಕೆಲಸ ಇತ್ತು. ಏಣಿ ಮೇಲಿದ್ದೆ. ಕೆಳಗೆ ಒಬ್ಬಾಕೆ ನಿಂತು, "ಹನ್ನೊಂದನೇ ಮಂಚದವರ ಮೊಮ್ಮಗ ನೀವೇನಾ?" ಅಂದಳು. ಇಳಿದೆ. ಆ ಆಯಾನೇ, ನಾವು ಹುಡುಕಿಕೊಂಡು ಬಂದದ್ದನ್ನ ಅವಳಿಗೆ ಹೇಳಿದ್ದರಂತೆ.

ಅವಳು ಹೇಳಿದ್ದನ್ನ ಹೇಳಿದ ಹಾಗೇ ಬರೀತೀನಿ.

"ನಮಗೆಲ್ಲ ತಲೆಯಿಂದ ಕಾಲಿನವರೆಗೆ ಆ ಬಿಳಿ ದಿರಿಸು. ನಾವು ಮಾತಾಡಿದ್ದು ಅವರಿಗೆ ಕೇಳಿಸ್ತಿರಲಿಲ್ಲ, ನಮ್ಮ ಬಾಯಿ ಕಾಣ್ತಿರಲಿಲ್ಲ. ಮೊದಲ ದಿನ ತುಂಬ ಹೆದರಿದ್ದರು. ಎರಡನೇ ದಿನ ನನ್ನ ಕೈ ಹಿಡ್ಕೊಂಡು ತೋಳಿನ ಹೊಲಿಗೆ ಸವರಿ ನೋಡಿದರು. 'ಇದನ್ನ ಹೊಲಿದವಳು ಯಾರು? ದಾರ ಸಡಿಲ, ನಾಲ್ಕು ದಿನದಲ್ಲಿ ಬಿಚ್ಚಿಕೊಳ್ಳುತ್ತೆ, ಆಮೇಲೆ ನೀನು ಸಾಯ್ತೀಯ. ಸೂಜಿ ತಾ' ಅಂದರು. ಎಲ್ಲಿಂದ ತರಲಿ? ಟೇಪು ತಂದುಕೊಟ್ಟೆ. ಮಲಗಿಕೊಂಡೇ, ಆ ಉಸಿರಿನಲ್ಲೇ, ನನ್ನ ಎರಡೂ ತೋಳಿಗೆ ಅಂಟಿಸಿದರು. ಆಮೇಲೆ ದಿನಾ ಡ್ಯೂಟಿಗೆ ಬಂದ ಕೂಡಲೇ ತೋಳು ತೋರಿಸಬೇಕಿತ್ತು. ಹೋಗುವಾಗ ನಾನು ಪಕ್ಕದಲ್ಲೇ ಇದ್ದೆ. ಬೆರಳು ಆ ಹೊಲಿಗೆ ಮೇಲೇ ಇತ್ತು."

ತಂಗೀ, ಅದು ಅವಳೇ.

ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಜನ ದಾಟಿಕೊಂಡು ಹೋದರು. ಅಲ್ಲಿ ಅಳೋರನ್ನ ನೋಡಿ ಅವರಿಗೆ ಅಭ್ಯಾಸ. ಆಯಾ ಪಕ್ಕದಲ್ಲಿ ನಿಂತಿದ್ದಳು. ಅವಳಿಗೂ ಕಾಯಿಲೆ ಬಂದಿತ್ತಾ ಅಂತ ಕೇಳಿದೆ. ಇಲ್ಲವಂತೆ. ಆಮೇಲೆ ಏಣಿ ಹತ್ತಿ ಉಳಿದ ಮೂರು ಅಕ್ಷರ ಮುಗಿಸಿದೆ. ಕೊನೆಯದು ಸೊಟ್ಟಗಾಯ್ತು. ಹಾಗೇ ಬಿಟ್ಟೆ.

ಇದನ್ನ ಓದಿದರೆ ನೀನು ಅಳ್ತೀಯ, ಆ ದಿನ ನಿನಗೆ ನಿದ್ದೆ ಬರೋಲ್ಲ ಅಂತ ಗೊತ್ತು. ಎರಡು ದಿನ ಇಟ್ಟುಕೊಂಡು ಯೋಚಿಸಿ ಕಳಿಸೋಣ ಅಂತ ಒಂದು ಮನಸ್ಸು. ಆರು ಗಂಟೆಗೆ ಅಂಚೆ ಕಚೇರಿ ಮುಚ್ಚುತ್ತೆ. ಈಗ ಐದೂಮುಕ್ಕಾಲು. ಚಪ್ಪಲಿ ಮೆಟ್ಟಿಕೊಂಡೇ ಈ ಸಾಲು ಬರೀತಿದ್ದೀನಿ.

ನಿನ್ನ
ಅಣ್ಣ